ಟಾಮಿ ಗನ್ ಪಕ್ಕದಲ್ಲಿದ್ದವರು ಎಲ್ಲಿ ಹೋದರು?

ಯುದ್ಧಕಾಲದಲ್ಲಿ ಸೈನಿಕರ ನಡುವೆ ನಿಂತ ನಾಯಕನ ಚಿತ್ರ ಬರೀ ದಾಖಲೆಯಂತೆ, ಅದರಲ್ಲಿ ಪ್ರಚಾರ ಹುಡುಕುವುದು ಸಿನಿಕತನವಂತೆ. ಕಳೆದ ವಾರದ ಅಂಕಣಕಾರರು ಹೀಗೆ ಷರಾ ಬರೆದು, ಚರ್ಚಿಲ್ ಚಿತ್ರವನ್ನು ಸಾಕ್ಷಿಗೆ ಕರೆದಿದ್ದಾರೆ. ಸರಿ, ಸಾಕ್ಷಿಯನ್ನೇ ವಿಚಾರಿಸೋಣ.

1940ರ ಜುಲೈ 31, ಹಾರ್ಟ್ಲ್‌ಪೂಲ್ ಬಳಿಯ ರಕ್ಷಣಾ ನೆಲೆ. ಗೆರೆ ಗೆರೆಯ ಸೂಟು, ಬೋ ಟೈ, ಬಾಯಲ್ಲಿ ಚುರುಟು, ಕೈಯಲ್ಲಿ ದುಂಡು ಮ್ಯಾಗಜೀನಿನ ಟಾಮಿ ಗನ್. ತೆಗೆದವರು ಸೇನೆಯ ಅಧಿಕೃತ ಛಾಯಾಗ್ರಾಹಕ. ಮೂಲದಲ್ಲಿ ಪಕ್ಕಕ್ಕೆ ಸೈನಿಕರೂ ಇದ್ದರು. ಬ್ರಿಟಿಷ್ ಪ್ರಚಾರಕ್ಕೆ ಬರುವಾಗ ಅವರಿಗೆ ಕತ್ತರಿ ಬಿತ್ತು. ಬಂದೂಕು ಹಿಡಿಯುವುದೇ ಕಸುಬಾದವರು ಮಾಯ, ಪ್ರಧಾನಿ ಮಾತ್ರ ಉಳಿದರು! ಅತ್ತ ಜರ್ಮನರು ಅದೇ ಚಿತ್ರವನ್ನು ಕರಪತ್ರಕ್ಕೆ ಹಾಕಿ ಚರ್ಚಿಲ್‌ರನ್ನು ಪೊಲೀಸರಿಗೆ ಬೇಕಾದ ಪಾತಕಿಯಾಗಿಸಿದರು. ಒಂದೇ ನೆಗೆಟಿವ್ ಎರಡೂ ಪಾಳಯಕ್ಕೆ ದುಡಿಯಿತು.

ಚರ್ಚಿಲ್ ಅಲ್ಲಿಗೆ ಹೋಗಿದ್ದನ್ನು ಯಾರೂ ಅಲ್ಲಗಳೆದಿಲ್ಲ. ಚೌಕಟ್ಟಿನಿಂದ ಯಾರನ್ನು ತೆಗೆದರು, ಏಕೆ ಎಂದು ಅಂಕಣಕಾರರು ಕೇಳಿಕೊಳ್ಳಬೇಕಿತ್ತು. ಕೇಳಲಿಲ್ಲ.