ಒತ್ತಕ್ಷರ ಕತ್ತರಿಸುವ ಕಿಟಕಿ ನಮಗೆ ಬೇಡ!

ಕೆಂಪೇಗೌಡರ ಮಾಗಡಿಯ, ರೇಷ್ಮೆಯ ರಾಮನಗರದ, ಗೊಂಬೆಗಳ ಚನ್ನಪಟ್ಟಣದ, ಕನಕಪುರದ ಯುವ ಮಿತ್ರರೇ,

ಕುದುರೆಯ ನಡೆಯಲ್ಲೇ ಚದುರಂಗದ 64 ಮನೆಗಳನ್ನೂ ಸುತ್ತಿ ಬರುವ ಲೆಕ್ಕ ಕಟ್ಟಿದ ದೊರೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅಂಥ ನಾಡಿನ ಹುಡುಗ ಇಂದು ಕಂಪ್ಯೂಟರಿನಲ್ಲಿ ಚೆಸ್ ಕಲಿಯಲು ಕೂತರೆ ಪರದೆಯ ಮೇಲೆ ಕನ್ನಡ ಎಲ್ಲಿದೆ?

ಒಂದು ಚೆಸ್ ತಂತ್ರಾಂಶ ತೆರೆದು ನೋಡಿ. ಒಂದು ಕಿಟಕಿಯಲ್ಲಿ ಮಣೆ, ಪಕ್ಕದಲ್ಲಿ ನಡೆಗಳ ಪಟ್ಟಿ, ಕೆಳಗೆ ಕಂಪ್ಯೂಟರಿನ ಲೆಕ್ಕಾಚಾರ, ಮೂಲೆಯಲ್ಲಿ ಹಳೆಯ ಆಟಗಳ ಭಂಡಾರ. ಯಾವುದು ದೊಡ್ಡದಿರಬೇಕು, ಯಾವುದನ್ನು ಮುಚ್ಚಬೇಕು ಎಂಬುದು ಆಡುವವನ ಹಕ್ಕು. ಕಲಿಯುವವನಿಗೆ ಮಣೆ ದೊಡ್ಡದಾಗಿ ಕಾಣಬೇಕು. ಲೆಕ್ಕಾಚಾರದ ಕಿಟಕಿ ಮುಚ್ಚಿರಬೇಕು. ಇಲ್ಲದಿದ್ದರೆ ತಲೆ ಓಡುವ ಮೊದಲೇ ಉತ್ತರ ಕಣ್ಣಿಗೆ ಬೀಳುತ್ತದೆ! ಆದರೆ ಕಿಟಕಿ ಸರಿಸುವ, ಮುಚ್ಚುವ ಆಯ್ಕೆ ಇಂಗ್ಲಿಷ್ ಮೆನುವಿನ ಒಳಗೆಲ್ಲೋ ಹುದುಗಿದ್ದರೆ ಕನ್ನಡ ಶಾಲೆಯ ಮಗು ಅದನ್ನು ಹುಡುಕುವುದು ಹೇಗೆ? ಆಟದಲ್ಲಿ ಸೋಲಲಿ, ಕಲಿಯಲಿ. ಮೆನುವಿನಲ್ಲೇ ಸೋಲಬೇಕೆ?

ಕನ್ನಡ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ನಮ್ಮ ಲಿಪಿಗೆ ಒತ್ತಕ್ಷರವಿದೆ. ಅದು ಸಾಲಿನ ಕೆಳಗೆ ಇಳಿಯುತ್ತದೆ, ಜಾಗ ಕೇಳುತ್ತದೆ. ಇಂಗ್ಲಿಷಿನ ಎತ್ತರಕ್ಕೆ ಅಳೆದ ಇಕ್ಕಟ್ಟಿನ ಸಾಲಿನಲ್ಲಿ ಅದರ ಕಾಲು ಕತ್ತರಿಸಿಹೋದರೆ ನಮ್ಮ 'ಮಂತ್ರಿ' ಬರೀ 'ಮಂತಿ'! ಕಿಟಕಿಯ ಅಗಲ, ಸಾಲಿನ ಎತ್ತರ, ಅಕ್ಷರದ ಗಾತ್ರ ಮೂರನ್ನೂ ಬೇಕಾದಂತೆ ಬದಲಿಸಲು ಬಿಡುವ ತಂತ್ರಾಂಶವೇ ಕನ್ನಡಕ್ಕೆ ಒಗ್ಗುವ ತಂತ್ರಾಂಶ.

"ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ" ಎಂಬ ಹಳೇ ರಾಗ ಇನ್ನು ಬೇಡ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡವಿದೆ. "ಚೆಸ್ ಬರಹಕ್ಕೆ ಇಂಗ್ಲಿಷೇ ಬೇಕು" ಎನ್ನುವವರು ಫಿಡೆ ನಿಯಮ ಓದಲಿ: ತನ್ನ ದೇಶದಲ್ಲಿ ರೂಢಿಯಲ್ಲಿರುವ ಕಾಯಿಯ ಹೆಸರಿನ ಮೊದಲ ಅಕ್ಷರವನ್ನೇ ಆಟಗಾರ ಬರೆಯಬಹುದು. ಜರ್ಮನ್ನರ ಕುದುರೆ 'ಎಸ್', ಫ್ರೆಂಚರ ಕುದುರೆ 'ಸಿ'. ನಮ್ಮ ಕುದುರೆ 'ಕು' ಆದರೆ ಯಾರಪ್ಪನ ಗಂಟು ಹೋಗುತ್ತದೆ?

ಪರರನ್ನು ಬೈದು ಮನೆಗೆ ಹೋಗುವುದು ಸುಲಭ. ನಾವೇನು ಮಾಡಿದ್ದೇವೆ? ಸ್ಕಿಡ್, ಲೀಚೆಸ್ ಇವೆರಡೂ ಮುಕ್ತ ತಂತ್ರಾಂಶ. ಸ್ಕಿಡ್‌ನಲ್ಲಿ ಒಂದೊಂದು ಭಾಷೆಯ ಪದಗಳಿಗೂ ಒಂದೊಂದು ಕಡತ. ಲೀಚೆಸ್‌ನ ಅನುವಾದ ಸ್ವಯಂಸೇವಕರ ಕೆಲಸ. ಬಾಗಿಲು ತೆರೆದಿದ್ದರೂ ಹೊಸ್ತಿಲಲ್ಲಿ ನಿಂತು ಕೂಗುವುದೇ ಹೋರಾಟವೆ?

ಮಿತ್ರರೇ, ದುಡ್ಡು ಕೊಟ್ಟು ಕೊಳ್ಳುವ ಮುನ್ನ ಕೇಳಿ: "ಕನ್ನಡ ಇದೆಯೆ? ಒತ್ತು ಪೂರ್ತಿ ಕಾಣುತ್ತದೆಯೆ? ಕಿಟಕಿ ನಮ್ಮಿಷ್ಟದಂತೆ ಜೋಡಿಸಬಹುದೆ?" ಇಲ್ಲವೆಂದರೆ ಪತ್ರ ಬರೆಯಿರಿ. ಮುಕ್ತ ತಂತ್ರಾಂಶವಾದರೆ ನೀವೇ ಕೂತು ಅನುವಾದಿಸಿ. ದಿನಕ್ಕೆ ಹತ್ತು ಪದ ಸಾಕು.

ಗಡಿಯಾರ ಓಡುತ್ತಿದೆ. ನಡೆ ನಮ್ಮದು!