ಇಪ್ಪತ್ತು ಉಗುರಿನ ನಾಯಿ ಬೇಟೆಗೆ ಶ್ರೇಷ್ಠವೇ? ಮುಧೋಳ, ಕಾಡುಬೆಕ್ಕು ಮತ್ತು ನಮ್ಮ ಫಾರ್ವರ್ಡ್‌ಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನೀವಿದ್ದರೆ ಈ ಬಗೆಯ ಮೆಸೇಜ್ ನಿಮಗೂ ಬಂದಿರಬಹುದು. ಉದ್ದ ಮೂತಿ, ಸಣ್ಣ ಸೊಂಟದ ನಾಯಿಮರಿಯ ಫೋಟೊ. ಕೆಳಗೆ ‘ಒರಿಜಿನಲ್ ಮುಧೋಳ, 20 ಉಗುರು, ಬಾಯೊಳಗೆ ಕಪ್ಪು, ಅಪ್ಪ ಅಮ್ಮ ಎರಡೂ ಬೇಟೆ ನಾಯಿ’ ಎಂಬ ಒಕ್ಕಣೆ. ಜೊತೆಗೊಂದು ವಿಡಿಯೊ: ನಾಲ್ಕಾರು ನಾಯಿಗಳು ಮರದ ಬುಡದಲ್ಲಿ ಬೊಗಳುತ್ತಿವೆ, ಕೊಂಬೆಯ ಮೇಲೆ ಚುಕ್ಕೆ ಮೈಯ, ಮೋಟು ಬಾಲದ ಬೆಕ್ಕೊಂದು ಹಲ್ಲು ಕಿರಿಯುತ್ತಿದೆ. ‘ಚಿರತೆ ಮರಿಯನ್ನೇ ಮರ ಹತ್ತಿಸಿದ ನಾಯಿಗಳು’ ಎಂದು ಯಾರೋ ಸೇರಿಸಿರುತ್ತಾರೆ.

ಇದರಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಮರದ ಮೇಲಿರುವುದು ಯಾವ ಬೆಕ್ಕು?

ಮೋಟು ಬಾಲ, ಕೆನ್ನೆಯ ಎರಡೂ ಕಡೆ ದಟ್ಟ ಕೂದಲು, ಮೈಮೇಲೆ ಚುಕ್ಕೆ ಇದ್ದರೆ ಅದು ಬಹುಪಾಲು ಬಾಬ್‌ಕ್ಯಾಟ್. ಉತ್ತರ ಅಮೆರಿಕದಲ್ಲಿ ಮಾತ್ರ ಇರುವ ಪ್ರಾಣಿ. ಭಾರತದ ಯಾವ ಕಾಡಿನಲ್ಲೂ ಇಲ್ಲ. ಚಿರತೆ ಮರಿಗೆ ಉದ್ದ ಬಾಲ ಇರುತ್ತದೆ, ಗೊಂದಲವಾದರೆ ಮೊದಲು ಬಾಲ ನೋಡಿ.

ನಮ್ಮ ನಾಲ್ಕು ತಾಲ್ಲೂಕುಗಳ ಕುರುಚಲು ಕಾಡು, ಕೆರೆಯಂಗಳದ ಜೊಂಡು, ಕಡಲೆಕಾಯಿ ಹೊಲದ ಬೇಲಿಗಳಲ್ಲಿ ಓಡಾಡುವುದು ಕಾಡುಬೆಕ್ಕು. ಮೈ ಬೂದು ಮಿಶ್ರಿತ ಕಂದು, ಕಾಲು ಉದ್ದ, ಬಾಲದ ತುದಿಯಲ್ಲಿ ಕಪ್ಪು ಪಟ್ಟೆ, ಕಿವಿಯ ತುದಿಯಲ್ಲಿ ಚಿಕ್ಕದೊಂದು ಕಪ್ಪು ಕುಚ್ಚು. ಆ ಕುಚ್ಚಿನಿಂದಾಗಿಯೇ ಇದನ್ನು ಬಾಬ್‌ಕ್ಯಾಟ್ ಎಂದೋ, ಲಿಂಕ್ಸ್ ಎಂದೋ ಕರೆದು ಹಂಚುತ್ತಾರೆ.

ಅಮೆರಿಕದಲ್ಲಿ ನಾಯಿ ಬಿಟ್ಟು ಬಾಬ್‌ಕ್ಯಾಟ್ ಬೇಟೆಯಾಡುವುದು ಹಳೆಯ ರೂಢಿ. ಕೆಲವು ರಾಜ್ಯಗಳಲ್ಲಿ ಲೈಸೆನ್ಸ್, ಋತು ನಿಗದಿ ಮಾಡಿ ಈಗಲೂ ಬಿಡುತ್ತಾರೆ; ಕ್ಯಾಲಿಫೋರ್ನಿಯಾ 2012ರಲ್ಲಿ ಕಾನೂನು ತಂದು, ಬಾಬ್‌ಕ್ಯಾಟ್ ಮತ್ತು ಕರಡಿಯ ಹಿಂದೆ ನಾಯಿ ಬಿಡುವುದನ್ನು ನಿಲ್ಲಿಸಿತು. ಅಲ್ಲಿ ಬಳಸುವ ವಾಕರ್, ಪ್ಲಾಟ್, ಬ್ಲೂಟಿಕ್ ತಳಿಗಳೆಲ್ಲ ಮೂಗಿನ ನಾಯಿಗಳು. ಗಂಟೆಗಟ್ಟಲೆ ಹಳೆಯ ಜಾಡಿನ ವಾಸನೆ ಹಿಡಿದು, ಬೊಗಳುತ್ತಾ ಹೋಗಿ, ಬೆಕ್ಕು ಮರ ಹತ್ತಿದ ಮೇಲೆ ಬುಡದಲ್ಲೇ ನಿಂತು ಕೂಗುವುದು ಅವುಗಳ ಕೆಲಸ.

ಮುಧೋಳ ಹಾಗಲ್ಲ, ಅದು ಕಣ್ಣಿನ ನಾಯಿ. ಬಯಲಿನಲ್ಲಿ ಓಡುವುದನ್ನು ಕಂಡು, ಸದ್ದು ಮಾಡದೆ ಅಟ್ಟಿಸಿಕೊಂಡು ಹೋಗುತ್ತದೆ. ಆಳವಾದ ಎದೆಗೂಡು, ಬಳುಕುವ ಬೆನ್ನು, ಒಂದೊಂದು ಜಿಗಿತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಡುವ ಓಟ ಎಲ್ಲವೂ ಅದಕ್ಕೇ ಹೊಂದಿಕೊಂಡಿವೆ. ಪೊದೆಯಲ್ಲಿ ನುಸುಳಿ ಬಿಲವೋ ಮರವೋ ಸೇರುವ ಬೆಕ್ಕಿನ ಹಿಂದೆ ಹೋಗಲು ಈ ಮೈಕಟ್ಟು ಅಷ್ಟೇನೂ ನೆರವಾಗದು. ಅಂದರೆ ಆ ವಿಡಿಯೊದ ನಾಯಿಯೂ ನಮ್ಮದಲ್ಲ, ಬೆಕ್ಕೂ ನಮ್ಮದಲ್ಲ. ಮರಿಯ ರೇಟು ಮಾತ್ರ ನಮ್ಮ ರೂಪಾಯಿಯಲ್ಲಿರುತ್ತದೆ!

ಉಗುರು ಎಣಿಸಿದರೆ ಏನು ಗೊತ್ತಾಗುತ್ತದೆ?

ಸಾಮಾನ್ಯವಾಗಿ ನಾಯಿಗೆ 18 ಉಗುರು. ನಾಲ್ಕು ಪಾದಗಳಲ್ಲಿ ನಾಲ್ಕು ನಾಲ್ಕು, ಮುಂಗಾಲಿನ ಒಳಬದಿಯಲ್ಲಿ ನೆಲ ಮುಟ್ಟದ ಒಂದೊಂದು. ಕೆಲವು ನಾಯಿಗಳಿಗೆ ಹಿಂಗಾಲಿನಲ್ಲೂ ಅಂಥ ಹೆಚ್ಚುವರಿ ಬೆರಳು ಮೂಡಿ ಲೆಕ್ಕ 20 ಆಗುತ್ತದೆ. ಭ್ರೂಣದಲ್ಲಿ ಬೆರಳುಗಳ ಸಂಖ್ಯೆಯನ್ನು ನಿಯಂತ್ರಿಸುವ ಡಿಎನ್‌ಎ ತುಣುಕಿನ ಬದಲಾವಣೆ ಇದಕ್ಕೆ ಕಾರಣ ಎಂದು ಸಂಶೋಧಕರು ಗುರುತಿಸಿದ್ದಾರೆ. ಬೀದಿ ನಾಯಿಗೂ ಬರಬಹುದು, ಜಾತಿ ನಾಯಿಗೂ ಬರಬಹುದು. ಓಟಕ್ಕೂ ಧೈರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂಳೆಯ ಆಸರೆಯಿಲ್ಲದೆ ಜೋತಾಡುವ ಆ ಬೆರಳು ಮುಳ್ಳಿಗೆ ಸಿಕ್ಕಿ ಹರಿದುಕೊಳ್ಳುವುದೂ ಉಂಟು. ಜಾಲಿಯ ನಾಡಿನಲ್ಲಿ ಅದನ್ನು ಗುಣ ಎಂದು ಎಣಿಸುವುದು ವಿಚಿತ್ರವೇ.

ಬಾಯೊಳಗಿನ ಕಪ್ಪು ಬರೀ ಬಣ್ಣ, ಚರ್ಮದ ಬಣ್ಣ ಕೊಡುವ ಮೆಲನಿನ್ ಅಲ್ಲೂ ಸೇರಿಕೊಂಡಿರುತ್ತದೆ ಅಷ್ಟೆ. ಮೆಣಸಿನಕಾಯಿ, ಮದ್ದಿನ ಪುಡಿ ತಿನ್ನಿಸಿದರೆ ನಾಯಿಗೆ ರೋಷ ಬರುತ್ತದೆ ಎಂಬುದು ಇನ್ನೂ ಕೆಟ್ಟ ನಂಬಿಕೆ. ಹೊಟ್ಟೆ ಉರಿಯುವ ನಾಯಿ ಸಿಡುಕುತ್ತದೆ, ಅದನ್ನು ನಾವು ಶೌರ್ಯ ಅಂದುಕೊಳ್ಳುತ್ತೇವೆ. ಮರಿಯನ್ನು ಕಿವಿ ಹಿಡಿದು ಎತ್ತಿ, ಕುಂಯ್‌ಗುಟ್ಟದಿದ್ದರೆ ಗಟ್ಟಿ ಎನ್ನುವ ‘ಪರೀಕ್ಷೆ’ಯಲ್ಲಿ ಗೊತ್ತಾಗುವುದು ಹಿಡಿದವರ ಬಗ್ಗೆ, ಮರಿಯ ಬಗ್ಗೆ ಅಲ್ಲ.

‘ಅಪ್ಪ ಅಮ್ಮ ಎರಡೂ ಬೇಟೆ ನಾಯಿ’

ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೈಕಟ್ಟು ವಂಶದಿಂದ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸ್ವಭಾವದ ಮಾತು ಬೇರೆ. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಕಲೆಹಾಕಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ನಾಯಿಗೂ ಇನ್ನೊಂದಕ್ಕೂ ಇರುವ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ್ದು ಸುಮಾರು 9% ಮಾತ್ರ. ಉಳಿದದ್ದರಲ್ಲಿ ಸಾಕಿದ ರೀತಿ, ಮೊದಲ ತಿಂಗಳುಗಳ ಅನುಭವ, ತರಬೇತಿ ಎಲ್ಲ ಸೇರುತ್ತವೆ. ಒಂದೇ ಸೂಲಿನ ಎರಡು ಮರಿಗಳಲ್ಲಿ ಒಂದು ಚುರುಕು, ಇನ್ನೊಂದು ಪುಕ್ಕಲು ಆಗುವುದನ್ನು ನಾಯಿ ಸಾಕಿದವರೆಲ್ಲ ನೋಡಿರುತ್ತೀರಿ.

ಒಳ್ಳೆಯದಕ್ಕೆ ಒಳ್ಳೆಯದನ್ನು ಕೂಡಿಸಿದರೆ ಇನ್ನೂ ಒಳ್ಳೆಯದು ಬರುತ್ತದೆ ಎಂಬ ಲೆಕ್ಕವೂ ಯಾವಾಗಲೂ ಹೊಂದುವುದಿಲ್ಲ. ಇಂಗ್ಲೆಂಡಿನ ವಿಪ್ಪೆಟ್ ತಳಿಯಲ್ಲಿ ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್ ಒಂದು ಕೆಟ್ಟಿರುವುದುಂಟು. ಅಪ್ಪನಿಂದಲೋ ಅಮ್ಮನಿಂದಲೋ ಅದರ ಒಂದು ಪ್ರತಿ ಬಂದರೆ ನಾಯಿ ಉಳಿದವಕ್ಕಿಂತ ವೇಗವಾಗಿ ಓಡುತ್ತದೆ. ಹಾಗಾಗಿ ಅಂಥ ವೇಗದ ಎರಡು ನಾಯಿಗಳನ್ನು ಕೂಡಿಸುತ್ತಾರೆ. ಹುಟ್ಟುವ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದು ಎರಡೂ ಕಡೆಯಿಂದ ಕೆಟ್ಟ ಪ್ರತಿ ಪಡೆದು, ಪೈಲ್ವಾನನಂತೆ ಊದಿದ ಮೈಯ, ಓಟಕ್ಕೆ ಬಾರದ ನಾಯಿಯಾಗುತ್ತದೆ. 2007ರಲ್ಲಿ ಪ್ರಕಟವಾದ ಸಂಶೋಧನೆ ಇದು.

ಇನ್ನೊಂದು ಅಪಾಯ ಒಳಸಂಕರ. ‘ರಕ್ತ ಕೆಡಬಾರದು’ ಎಂದು ಅಣ್ಣ ತಂಗಿ, ಅಪ್ಪ ಮಗಳು ನಾಯಿಗಳನ್ನೇ ಕೂಡಿಸುವುದು. ಪ್ರತಿ ನಾಯಿಯೂ ಒಂದೆರಡು ಹಾನಿಕರ ಜೀನ್‌ಗಳನ್ನು ಒಳಗೇ ಹೊತ್ತಿರಬಹುದು. ಜೋಡಿಯ ಇನ್ನೊಂದು ಪ್ರತಿ ಸರಿಯಿದ್ದರೆ ಅದು ಹೊರಗೆ ಕಾಣಿಸುವುದಿಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಎರಡೂ ಕಡೆಯಿಂದ ಅದೇ ಕೆಟ್ಟ ಪ್ರತಿ ಸೇರುವ ಸಾಧ್ಯತೆ ಏರುತ್ತದೆ. ಒಡಹುಟ್ಟಿದ ನಾಯಿಗಳ ಮರಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಭಾಗ ಜೀನ್‌ಗಳು ಹೀಗೆ ಒಂದೇ ಮೂಲದ ಜೋಡಿಗಳಾಗಿರುತ್ತವೆ. ಸೂಲಿನಲ್ಲಿ ಮರಿಗಳ ಸಂಖ್ಯೆ ಇಳಿಯುವುದು, ಹುಟ್ಟಿದವು ಸಾಯುವುದು, ರೋಗಕ್ಕೆ ಬೇಗ ಬೀಳುವುದು ಇದರ ಫಲ. ಹೊರಗಿನವರು ದೃಷ್ಟಿ ಹಾಕಿದರು ಎಂದುಕೊಳ್ಳುವ ಬದಲು ಮರಿಗಳ ವಂಶಾವಳಿ ಬರೆದು ನೋಡಿ.

ಮುಧೋಳ ತಳಿಯನ್ನು ಅಳಿಯದಂತೆ ಉಳಿಸುವ ಕೆಲಸ ನಡೆದಿರುವುದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ. 2005ರಲ್ಲಿ ಈ ನಾಯಿಯ ಚಿತ್ರದ ಅಂಚೆಚೀಟಿ ಬಂತು. ಸೇನೆಯೂ ಮರಿಗಳನ್ನು ಕೊಂಡೊಯ್ದು ತರಬೇತಿ ಕೊಟ್ಟಿತು. ಹೆಸರು ಬಂದಂತೆ ‘ಒರಿಜಿನಲ್’ಗಳೂ ಹೆಚ್ಚಾದವು. ಮರಿ ಕೊಳ್ಳುವವರು 2017ರ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳನ್ನು ನೆನಪಿಟ್ಟುಕೊಂಡರೆ ಸಾಕು: ಮಾರುವವರಿಗೆ ನೋಂದಣಿ ಇರಬೇಕು, ತಾಯಿಗೆ ಕನಿಷ್ಠ 18 ತಿಂಗಳಾಗಿರಬೇಕು, 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿ ನಾಯಿಯನ್ನು ಕಣ್ಣಾರೆ ತೋರಿಸದವರಿಂದ ಕೊಳ್ಳದಿರುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಬಂದೂಕಿಲ್ಲದಿದ್ದರೆ ಬೇಟೆಯಲ್ಲವೇ?

‘ನಾವು ಗುಂಡು ಹೊಡೆಯಲ್ಲ, ಬಲೆ ಹಾಕಲ್ಲ, ನಾಯಿ ತಾನೇ ಓಡಿಸಿಕೊಂಡು ಹೋಗೋದು’ ಎಂಬ ವಾದ ಕೇಳಿಬರುತ್ತದೆ. ಯುಗಾದಿ ಬೇಟೆಯ ಹೊತ್ತಿಗಂತೂ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೆ ಜಾಗವನ್ನೇ ಬಿಟ್ಟಿಲ್ಲ. ಕೊಲ್ಲುವುದು ಮಾತ್ರವಲ್ಲ, ನಾಯಿ ಬಿಟ್ಟು ಅಟ್ಟಿಸುವುದು, ಹಿಡಿಯುವುದು, ಹಾಗೆ ಮಾಡಲು ಪ್ರಯತ್ನಿಸುವುದು ಕೂಡ ಕಾಯ್ದೆಯ ವ್ಯಾಖ್ಯಾನದಲ್ಲಿ ಬೇಟೆಯೇ. ಕಾಡುಬೆಕ್ಕು, ಮೊಲ, ಕಾಡುಹಂದಿ, ತೋಳ, ಕೃಷ್ಣಮೃಗ ಎಲ್ಲವೂ ರಕ್ಷಿತ ಪಟ್ಟಿಯಲ್ಲಿವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದನೇ ಪಟ್ಟಿಯ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ದಂಡ. ಹೋದ ಬೈಕ್ ಕೂಡ ಜಪ್ತಿಯಾಗಬಹುದು. ಹೆಮ್ಮೆಯಿಂದ ಹಾಕಿದ ಸ್ಟೇಟಸ್ ವಿಡಿಯೊವೇ ಸಾಕ್ಷಿಯಾಗಬಹುದು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ, ಸುಮಾರು 798 ಎಕರೆ ಹುಲ್ಲುಗಾವಲು. ಕೃಷ್ಣಮೃಗಕ್ಕೆ ಬೇಲಿಯ ಗಡಿ ಗೊತ್ತಿಲ್ಲ, ಹೊಲಗಳಿಗೂ ಬರುತ್ತದೆ. ‘ಮೊಲಕ್ಕೆ’ ಎಂದು ಬಿಟ್ಟ ಮುಧೋಳ ಯಾವುದನ್ನು ಅಟ್ಟುತ್ತದೆ ಎಂಬುದು ಬಿಟ್ಟವರ ಕೈಯಲ್ಲಿ ಇರುವುದಿಲ್ಲ.

ಕಾಡುಬೆಕ್ಕು ಹೋದರೆ ಯಾರಿಗೆ ನಷ್ಟ?

ಕಾಡುಬೆಕ್ಕು ಕೋಳಿ ಹಿಡಿಯುತ್ತದೆ, ನಿಜ. ರಾತ್ರಿ ಗೂಡಿಗೆ ಬಾಗಿಲು, ಗಟ್ಟಿ ಜಾಲರಿ ಹಾಕಿದರೆ ಆ ತೊಂದರೆ ಬಹುತೇಕ ನಿಲ್ಲುತ್ತದೆ. ಆದರೆ ಅದರ ಮುಖ್ಯ ಊಟ ಇಲಿ. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವು ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿ ಜಾತಿಯ ಪ್ರಾಣಿಗಳನ್ನು ತಿನ್ನುತ್ತದೆ ಎಂದು ಅಂದಾಜಿಸಿತು. ಕಡಿಮೆ ಲೆಕ್ಕವನ್ನೇ ಹಿಡಿದರೂ ವರ್ಷಕ್ಕೆ ಸಾವಿರಕ್ಕೂ ಮೇಲೆ. ಪಾವಗಡ, ಶಿರಾದಲ್ಲಿ ಕಡಲೆಕಾಯಿ ಬೆಳೆಯುವವರಿಗೆ ಇಲಿ ಏನು ಮಾಡುತ್ತದೆಂದು ನಾವು ಹೇಳಬೇಕಿಲ್ಲ. ಇಲಿ ಪಾಷಾಣಕ್ಕೆ ದುಡ್ಡು ಕೊಟ್ಟು ತರುವವರು, ಪುಕ್ಕಟೆ ಕೆಲಸ ಮಾಡುವ ಬೆಕ್ಕಿನ ಹಿಂದೆ ನಾಯಿ ಬಿಡುವುದು ಯಾವ ಲೆಕ್ಕ?

ನಾಯಿಗೂ ಇದು ಸುಖದ ಕೆಲಸವಲ್ಲ. ಹಂದಿಯ ಕೋರೆಗೆ ಹೊಟ್ಟೆ ಬಗೆಸಿಕೊಂಡ, ಹಂದಿಗೆಂದು ಇಟ್ಟ ಸಿಡಿಮದ್ದು ಕಚ್ಚಿ ದವಡೆ ಕಳೆದುಕೊಂಡ ನಾಯಿಗಳ ಫೋಟೊ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ರೇಬೀಸ್, ಡಿಸ್ಟೆಂಪರ್ ರೋಗಗಳು ನಾಯಿಯಿಂದ ಕಾಡಿಗೂ ಕಾಡಿನಿಂದ ನಾಯಿಗೂ ದಾಟುತ್ತವೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸತ್ತಾಗ ಡಿಸ್ಟೆಂಪರ್ ವೈರಸ್ ಪತ್ತೆಯಾಗಿತ್ತು. ಕಾಡುಪ್ರಾಣಿಯೊಂದಿಗೆ ಕಚ್ಚಾಡಿ ಬಂದ ನಾಯಿಯ ಗಾಯವನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಿಮಗೇ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಸುಣ್ಣ, ಖಾರದಪುಡಿ ಬೇಡ.

‘ಬೇಟೆ ನಾಯಿ ಇದ್ದರೆ ಊರಿಗೆ ಚಿರತೆ ಬರಲ್ಲ’ ಎಂಬ ಮೆಸೇಜ್ ಕೂಡ ಸುತ್ತುತ್ತದೆ. ಮಹಾರಾಷ್ಟ್ರದ ಅಕೋಲೆಯ ಹೊಲಗದ್ದೆ ಪ್ರದೇಶದಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿದ ಸಂಶೋಧಕರಿಗೆ ಕಂಡದ್ದು ಬೇರೆಯೇ: ಅಲ್ಲಿನ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 39% ನಾಯಿಯೇ. ಹೊರಗೆ ಕಟ್ಟಿದ ನಾಯಿ ಚಿರತೆಗೆ ಹೆದರಿಕೆಯಲ್ಲ, ಊಟ. ಮುಧೋಳ ಸಾಕಿದ್ದರೆ ಕತ್ತಲಾದ ಮೇಲೆ ಅದನ್ನು ಮುಚ್ಚಿದ ಜಾಗದಲ್ಲಿಡಿ. ಬೇಲಿ ಹಾಕಿದ ಬಯಲಿನಲ್ಲಿ ಹಗಲು ಓಡಿಸಿದರೆ ಅದರ ಕಾಲಿಗೆ ಬೇಕಾದ್ದು ಸಿಗುತ್ತದೆ.

ಕಟಾವಿನ ಹೊತ್ತಿಗೆ ಹೊಲದಲ್ಲಿ ಬೆಕ್ಕಿನ ಮರಿಗಳು ಸಿಕ್ಕರೆ ‘ಚಿರತೆ ಮರಿ’ ಎಂದು ಫೋಟೊ ಹಾಕುವ ಮೊದಲು ಅಲ್ಲಿಂದ ದೂರ ಸರಿದು, ನಾಯಿಗಳನ್ನು ಕಟ್ಟಿ, ಆ ಜಾಗವನ್ನು ಒಂದು ರಾತ್ರಿ ಹಾಗೇ ಬಿಡಿ. ತಾಯಿ ಸಾಮಾನ್ಯವಾಗಿ ಕತ್ತಲಲ್ಲಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಬೆಳಿಗ್ಗೆಯೂ ಮರಿಗಳು ಅಲ್ಲೇ ಇದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.