ಸೂಲಂಗಿ ತೆಗೆದ ಪೈರಿನ ಹಸಿರೆಲೆ

ದೂಧಗಂಗೆಯ ದಂಡೆಯ ಸದಲಗಾದಲ್ಲಿ, ಕಳೆದ ಬೇಸಗೆಯ ಮೊದಲಿನಲ್ಲಿ, ನನ್ನ ವಿದ್ಯಾರ್ಥಿಯೊಬ್ಬನ ಹೊಲಕ್ಕೆ ಹೋಗಿದ್ದೆನು. ಅವನ ತಾಯಿ ಗೋವಿನಜೋಳದ ಸಾಲುಗಳ ನಡುವೆ ನಿಂತು ಹಸಿರೆಲೆಗಳನ್ನು ಕಿತ್ತು ಹೊರೆ ಕಟ್ಟುತ್ತಿದ್ದರು. ಪೈರು ಆಗತಾನೆ ಸೂಲಂಗಿ ತೆಗೆದಿತ್ತು. ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆಗಳು ಇಣುಕುತ್ತಿದ್ದವು.

"ಈಗ್ಯಾಕ ಕೀಳ್ತೀರವ್ವಾ?" ಎಂದು ಕೇಳಿದೆನು.

"ಕೆಳಗಿನ ಎಲಿ ಸುಮ್ಮನ ಉಣ್ತಾವ್ರಿ ಸರ, ತಗದ್ರ ತೆನಿ ದಪ್ಪ ಆಗ್ತೈತಿ. ಮತ್ತ ಎಮ್ಮಿ ಹೊಟ್ಟಿ ಮಳಿಗಾಲತನಕ ಕಾಯ್ತೈತೇನ್ರಿ?" ಎಂದರು.

ಈ ಉತ್ತರದಲ್ಲಿ ಎರಡು ಮಾತುಗಳಿವೆ. ಮೊದಲನೆಯದು ವಿಜ್ಞಾನಕ್ಕೆ ಸೇರಿದ್ದು. ಅದು ತಪ್ಪೆಂಬುದು ನನ್ನ ಅಭಿಪ್ರಾಯ. ಎರಡನೆಯದು ಸಂಸಾರಕ್ಕೆ ಸೇರಿದ್ದು. ಅದನ್ನು ತಪ್ಪೆನ್ನುವ ಅಧಿಕಾರ ನನಗಿಲ್ಲ.

ಎಲೆ ತೆಗೆದರೆ ತೆನೆ ಕೊಬ್ಬುವುದೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬೇರೂರಿದ್ದರೆ ಆಶ್ಚರ್ಯವೇನೂ ಇಲ್ಲ. ಪಕ್ಕದ ನಿಪ್ಪಾಣಿಯ ಕಡೆ ಬೀಡಿ ತಂಬಾಕಿನ ಗಿಡ ಮೊಗ್ಗು ತೋರಿದೊಡನೆ ಅದರ ಕುಡಿಯನ್ನು ಮುರಿಯುವರು. ಕಂಕುಳಿನ ಚಿಗುರುಗಳನ್ನೂ ಚಿವುಟುವರು. ಬೀಜಕ್ಕೆ ಹೋಗಬೇಕಾಗಿದ್ದ ಸಾರ ಎಲೆಯಲ್ಲಿಯೇ ನಿಂತು ಎಲೆ ದಪ್ಪವಾಗುವುದು. ಹೂ ತೆಗೆದರೆ ಎಲೆ ಕೊಬ್ಬುವುದಾದರೆ, ಎಲೆ ತೆಗೆದರೆ ಹೂ ಕೊಬ್ಬಬೇಕಲ್ಲವೆ? ತರ್ಕ ಸರಿಯಾಗಿಯೇ ತೋರುವುದು. ಆದರೆ ಹೂವು ಮನೆಯಲ್ಲಿ ಉಣ್ಣುವವರ ಸಾಲಿಗೆ ಸೇರಿದ್ದು, ಎಲೆ ದುಡಿಯುವವರ ಸಾಲಿಗೆ. ಉಣ್ಣುವವರು ಕಡಿಮೆಯಾದರೆ ಉಳಿತಾಯವುಂಟು. ದುಡಿಯುವವರು ಕಡಿಮೆಯಾದರೆ ಉಳಿತಾಯವೆಲ್ಲಿಯದು?

ಕೆಳಗಿನ ಎಲೆ ನೆರಳಿನಲ್ಲಿದೆ, ಅದು ದುಡಿಯುವುದಿಲ್ಲ ಎನ್ನಬಹುದು. ಇಲ್ಲಿ ಭೌತಶಾಸ್ತ್ರ ನೆರವಿಗೆ ಬರುವುದು. ಬಣ್ಣದ ದ್ರಾವಣದೊಳಗೆ ಇಳಿದಂತೆ ಬೆಳಕು ಕ್ಷೀಣಿಸುವ ನಿಯಮವನ್ನು ಕಾಲೇಜಿನ ವಿದ್ಯಾರ್ಥಿಗಳು ಓದಿರುತ್ತಾರೆ. ಅದೇ ನಿಯಮ ಎಲೆಗಳ ದಟ್ಟಣೆಗೂ ಹೊಂದುವುದೆಂದು ಜಪಾನಿನ ಮೋನ್ಸಿ ಮತ್ತು ಸಾಯೆಕಿ 1953ರಲ್ಲಿ ತೋರಿಸಿದರು. ಒಂದು ಚದರ ಮೀಟರು ನೆಲದ ಮೇಲೆ 4 ಚದರ ಮೀಟರು ಎಲೆಯಿದೆಯೆಂದೂ, ಕ್ಷೀಣತೆಯ ಗುಣಾಂಕ 0.5 ಎಂದೂ ಇಟ್ಟುಕೊಳ್ಳೋಣ. ಆಗ ಮೇಲಿನ ಅರ್ಧದಷ್ಟು ಎಲೆಗಳು ಬಿದ್ದ ಬೆಳಕಿನಲ್ಲಿ ಶೇಕಡಾ 63ನ್ನೂ ಕೆಳಗಿನ ಅರ್ಧ ಶೇಕಡಾ 23ನ್ನೂ ಹಿಡಿಯುವುವು. ಉಳಿದ 14 ನೆಲಕ್ಕೆ ಬೀಳುವುದು. ಕೆಳಗಿನ ಅರ್ಧವನ್ನು ಕಿತ್ತರೆ ಪೈರು ಹಿಡಿಯುತ್ತಿದ್ದ ಬೆಳಕಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಮಣ್ಣಿನ ಪಾಲಾಗುವುದು. ಮೇಲಿನ ಎಲೆಗಳಿಗಾದರೋ ಇದರಿಂದ ಒಂದು ಕಿರಣವೂ ಹೆಚ್ಚಾಗಿ ಸಿಗದು. ಅವುಗಳಿಗೆ ಬೆಳಕು ಬರುವುದು ಮೇಲಿನಿಂದಲ್ಲವೆ!

"ಸುಮ್ಮನೆ ಉಣ್ಣುತ್ತದೆ" ಎಂಬ ಆರೋಪವೂ ನಿಲ್ಲುವುದಿಲ್ಲ. ಪೂರ್ಣ ಬೆಳೆದ ಎಲೆ ಬೇರೆ ಎಲೆಗಳು ಮಾಡಿದ ಸಕ್ಕರೆಯನ್ನು ತನ್ನೆಡೆಗೆ ಸೆಳೆದುಕೊಳ್ಳಲಾರದು. ನೆರಳು ಅತಿಯಾಯಿತೆಂದರೆ ಅದು ಹಳದಿಯಾಗುವುದು; ಹಾಗೆ ಹಳದಿಯಾಗುವಾಗ ತನ್ನಲ್ಲಿದ್ದ ಸಾರಜನಕದ ಬಹುಭಾಗವನ್ನು ಗಿಡಕ್ಕೆ ಹಿಂದಿರುಗಿಸುವುದು. ಆ ಸಾರಜನಕ ಕಾಳಿಗೆ ಸೇರುವುದು. ಹಸಿರಾಗಿರುವಾಗಲೇ ಕಿತ್ತರೆ ಕಾಸು ಕೊಟ್ಟು ಹಾಕಿದ ಯೂರಿಯಾದ ಒಂದು ಪಾಲು ಎಲೆಯೊಡನೆಯೇ ಹೊಲ ಬಿಟ್ಟು ಹೋಯಿತೆಂದು ತಿಳಿಯಬೇಕು.

ಇನ್ನು ಕಾಲದ ಪ್ರಶ್ನೆ. ಕೆಲವು ಗಿಡಗಳು ಹಗಲಿನ ಉದ್ದವನ್ನು ಅನುಸರಿಸಿ ಹೂಬಿಡುತ್ತವೆ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಇದನ್ನು ಪ್ರಕಟಿಸಿದುದಕ್ಕೆ ಮುಖ್ಯ ಆಧಾರ ತಂಬಾಕಿನ ಒಂದು ತಳಿ (ನಿಪ್ಪಾಣಿಯವರು ಹೆಮ್ಮೆಪಡಲಿ). ಆ ತಂಬಾಕು ಬೇಸಗೆಯ ದೀರ್ಘ ಹಗಲುಗಳಲ್ಲೆಲ್ಲ ಎಲೆಯ ಮೇಲೆ ಎಲೆ ಬಿಡುತ್ತ ಬೆಳೆಯುತ್ತಿತ್ತು. ನಮ್ಮ ಹೈಬ್ರಿಡ್ ಗೋವಿನಜೋಳಕ್ಕೆ ಅಂಥ ಬಿಡುವಿಲ್ಲ. ಅದರ ಗಡಿಯಾರ ಬಹುಮಟ್ಟಿಗೆ ದಿನದಿನದ ಉಷ್ಣತೆಯ ಮೊತ್ತದಿಂದ ನಡೆಯುವುದು. ಸೂಲಂಗಿ ಹೊರಬಂದ ಮೇಲೆ ಆ ದಂಟಿನಲ್ಲಿ ಹೊಸ ಎಲೆ ಹುಟ್ಟುವುದಿಲ್ಲ. ಕಾಳುಗಳ ಸಂಖ್ಯೆ ನಿರ್ಧಾರವಾಗುವುದೂ ಆ ಹಿಂದುಮುಂದಿನ ಕೆಲವೇ ವಾರಗಳಲ್ಲಿ. ಆಲಿಕಲ್ಲಿನ ಹಾನಿಯನ್ನು ಅಳೆಯಲು ಅಮೆರಿಕದ ಬೆಳೆವಿಮೆಯವರು ಬಳಸುವ ಕೋಷ್ಟಕವೊಂದಿದೆ. ಏಳು ಎಲೆಯ ಪೈರು ತನ್ನ ಎಲೆಗಳನ್ನೆಲ್ಲ ಕಳೆದುಕೊಂಡರೂ ಅದರ ಪ್ರಕಾರ ಇಳುವರಿಯ ನಷ್ಟ ಶೇಕಡಾ 9ರಷ್ಟೆ. ಸೂಲಂಗಿಯ ಹಂತದಲ್ಲಿ ಅರ್ಧ ಹೋದರೆ ಶೇಕಡಾ 31. ಎಲ್ಲವೂ ಹೋದರೆ 100! ತೆನೆಯ ಪಕ್ಕದ ಮತ್ತು ಮೇಲಿನ ಎಲೆಗಳೇ ಕಾಳಿಗೆ ಹೆಚ್ಚು ಉಣಿಸುವುದರಿಂದ, ಕೆಳಗಿನವನ್ನಷ್ಟೇ ಕಿತ್ತವರಿಗೆ ನಷ್ಟ ಇದಕ್ಕಿಂತ ಕಡಿಮೆಯೆಂಬುದನ್ನು ಒಪ್ಪಬೇಕು. ಕಡಿಮೆಯಾದರೂ ನಷ್ಟ ನಷ್ಟವೇ.

ಅಥಣಿಯ ದ್ರಾಕ್ಷಿ ತೋಟದವರು ಗೊಂಚಲಿನ ಸುತ್ತಣ ಎಲೆಗಳನ್ನು ತೆಗೆಯುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ದ್ರಾಕ್ಷಿ ಬಹುವರ್ಷದ ಬಳ್ಳಿ; ಕಾಂಡದಲ್ಲಿ ಅದಕ್ಕೆ ಹಳೆಯ ಸಂಗ್ರಹವಿದೆ, ಮತ್ತೆ ಚಿಗುರುವ ಶಕ್ತಿಯಿದೆ. ಗೊಂಚಲಿಗೆ ಗಾಳಿಯಾಡದಿದ್ದರೆ ಬೂಷ್ಟು ಹಿಡಿಯುವ ಭಯವೂ ಉಂಟು. ನೂರು ದಿನಗಳ ಆಸುಪಾಸಿನಲ್ಲಿ ಬಾಳು ಮುಗಿಸುವ ಪೈರಿಗೆ ಆ ನ್ಯಾಯ ಸಲ್ಲದು.

ಹಾಗಾದರೆ ಎಮ್ಮೆಯ ಗತಿ? ಒಣಗುತ್ತ ಬಂದ ಎಲೆಯನ್ನು ಯಾವಾಗಲಾದರೂ ತೆಗೆಯಬಹುದು. ಕಾಳಿನ ಬುಡದಲ್ಲಿ ಕಪ್ಪು ಪದರ ಕಟ್ಟಿದ ಮೇಲೆ ಕಾಳಿಗೆ ಏನೂ ಹೋಗುವುದಿಲ್ಲವಾದ್ದರಿಂದ, ಆಗ ಉಳಿದ ಹಸಿರನ್ನೆಲ್ಲ ಕಿತ್ತರೂ ಬಾಧಕವಿಲ್ಲ. ಅಲ್ಲಿಯವರೆಗಿನ ಮೇವಿಗೆ ಬದುವಿನ ಪಕ್ಕದ ಒಂದೆರಡು ಗುಂಟೆಯಲ್ಲಿ 'ಆಫ್ರಿಕನ್ ಟಾಲ್' ಎಂಬ ಮೇವಿನ ಜೋಳವನ್ನು ಒತ್ತಾಗಿ ಬಿತ್ತುವುದು ಲೇಸು. ಅರ್ಧ ಎಕರೆಯ ಒಡೆಯರಿಗೆ ಗುಂಟೆಯೂ ದೊಡ್ಡದೇ, ಅದನ್ನು ಬಲ್ಲೆನು.

ಆ ತಾಯಿ ನನ್ನ ಲೆಕ್ಕವನ್ನು ಪೂರ್ತಿ ನಂಬಲಿಲ್ಲ. ಮುಂದಿನ ಬೆಳೆಯಲ್ಲಿ ನಾಲ್ಕು ಸಾಲುಗಳನ್ನು ಮುಟ್ಟದೆ ಬಿಡಲು ಮಾತ್ರ ಒಪ್ಪಿದ್ದಾರೆ. ಪಕ್ಕದ ನಾಲ್ಕು ಸಾಲುಗಳ ಎಲೆಯನ್ನು ಎಂದಿನಂತೆ ಕೀಳುವರು. ಎರಡರ ಕಾಳನ್ನೂ ಬೇರೆ ಬೇರೆ ಒಣಗಿಸಿ ತೂಗುವ ಕೆಲಸವನ್ನು ಮಗನಿಗೆ ಒಪ್ಪಿಸಿದ್ದೇನೆ.